ನಾಣ್ಯ ತೊಳೆದು ತರುವವರ ನಡುವೆ ಚಿಲ್ಲರೆ ಮೇಡಂ

ಬೆಳಗಿನ ಆರೂಕಾಲು. ಗಡಿಯಾರ ರಿಪೇರಿ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಸಿಗುವ ಒಂದೇ ಕೋಣೆಯಲ್ಲಿ ಇನ್ನೂ ದೀಪ ಹಾಕಿಲ್ಲ. ಪೂರ್ವದ ಕಿಟಕಿಗೆ ತಾಗಿಸಿದ ಮೇಜು, ಮೇಜಿನ ಮೇಲೆ ಹಳೆಯ ಕಂಬಳಿಯ ತುಂಡು, ಅದರ ಮೇಲೆ ಬಿಸ್ಕತ್ತಿನ ಡಬ್ಬದಿಂದ ಸುರಿದ ಆರುನೂರು ಚಿಲ್ಲರೆ ನಾಣ್ಯಗಳು. ನಡುವೆ ತೂತಿರುವವು, ಅಂಚು ಅಲೆಯಲೆಯಾಗಿರುವವು, ರಾಜರ ತಲೆಯವು, ಹಕ್ಕಿಯವು, ಯಾವ ದೇಶದ್ದೆಂದು ಆ ದೇಶದವರಿಗೇ ಮರೆತುಹೋಗಿರಬಹುದಾದವು. ಅರವತ್ತೊಂದು ವರ್ಷದ ಹೆಂಗಸೊಬ್ಬರು ಒಂದೊಂದನ್ನೇ ಅಂಚು ಹಿಡಿದೆತ್ತಿ, ಓರೆ ಬಿಸಿಲಿಗೆ ವಾಲಿಸಿ, ಮೂರು ಬಟ್ಟಲುಗಳಲ್ಲಿ ಒಂದಕ್ಕೆ ಹಾಕುತ್ತಿದ್ದಾರೆ. ಹತ್ತು ನಿಮಿಷ ಇದೇ ನಡೆಯುತ್ತದೆ. ಆಮೇಲೆ ಒಂದು ನಾಣ್ಯವನ್ನು ಕಿಟಕಿಗೆ ಹಿಡಿದವರು ಎಡಗೈಯಿಂದ ಹಣೆ ಚಚ್ಚಿಕೊಳ್ಳುತ್ತಾರೆ.

“ತೊಳೆದಿದ್ದಾರೆ. ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದ್ದಾರೆ ನೋಡಿ. ಎಪ್ಪತ್ತು ವರ್ಷ ತನ್ನ ಪಾಡಿಗೆ ತಾನು ಚೆನ್ನಾಗಿತ್ತು ಇದು. ಮೊನ್ನೆ ಭಾನುವಾರ ಇವರಿಗೆ ಪುರುಸೊತ್ತು ಸಿಕ್ಕಿದೆ.”

ನೋಡೋಣವೆಂದು ನಾನು ಕೈ ಚಾಚಿದ್ದೇ ತಪ್ಪಾಯಿತು. ನನ್ನ ಹೆಬ್ಬೆರಳು ನಾಣ್ಯದ ಮುಖದ ಮೇಲೆಯೇ ಕೂತಿತ್ತು. ಬೆರಳಿನ ಎಣ್ಣೆ, ಬೆವರು, ಬೆಳಿಗ್ಗೆ ತಿಂದ ತಿಂಡಿಯ ಜಿಡ್ಡು ಎಲ್ಲವೂ ಲೋಹಕ್ಕೆ ಹೇಗೆ ಅಂಟುತ್ತದೆ ಎಂಬುದರ ಮೇಲೆ ಐದು ನಿಮಿಷ ಪಾಠ ಕೇಳಬೇಕಾಯಿತು. ಪತ್ರಿಕೆಯವರು ಅಂದರೆ ಇನ್ನೂ ಸ್ವಲ್ಪ ಗಮನ ಇರುತ್ತದೆ ಅಂದುಕೊಂಡಿದ್ದರಂತೆ. ಸಂದರ್ಶನ ಶುರುವಾದದ್ದು ಹೀಗೆ.

ಇವರನ್ನು ಎಲ್ಲರೂ ಕರೆಯುವುದು ಚಿಲ್ಲರೆ ಮೇಡಂ ಎಂದು. ಮನೆಯ ಅಟ್ಟದಲ್ಲೋ ಬೀರುವಿನ ಮೂಲೆಯಲ್ಲೋ ಸಿಕ್ಕ ದೇಶವಿದೇಶದ ಬೆರಕೆ ನಾಣ್ಯಗಳ ಡಬ್ಬವನ್ನು ಹೊತ್ತು ತಂದರೆ, ಅದರಲ್ಲಿ ಏನೇನಿದೆ, ಒಟ್ಟು ಎಷ್ಟು ಬಾಳುತ್ತದೆ ಎಂದು ವಿಂಗಡಿಸಿ ಬರೆದುಕೊಡುವುದು ಅವರ ಕೆಲಸ. ಕೊಳ್ಳುವುದಿಲ್ಲ, ಮಾರುವುದಿಲ್ಲ. ಬೆಲೆ ಹೇಳುವವರು ಕೊಳ್ಳಲೂ ಕೂತರೆ ಬೆಲೆ ಸರಿಯಿರುವುದಿಲ್ಲ ಎಂಬುದು ಅವರ ಕಟ್ಟುನಿಟ್ಟು. ಡಬ್ಬದ ತೂಕಕ್ಕೆ ಇಷ್ಟು ಎಂದು ಕೂಲಿ. ಒಳಗೆ ಚಿನ್ನವಿದ್ದರೂ ಅಷ್ಟೇ, ತಗಡಿದ್ದರೂ ಅಷ್ಟೇ.

ಈ ಹೆಸರು ಬಿದ್ದದ್ದು ಬಸ್ ಡಿಪೋದಲ್ಲಿ. ಹತ್ತೊಂಬತ್ತನೆಯ ವಯಸ್ಸಿಗೆ ಅಲ್ಲಿನ ನಗದು ಕೋಣೆಗೆ ಸೇರಿ ಇಪ್ಪತ್ತಮೂರು ವರ್ಷ ಕೆಲಸ ಮಾಡಿದರು. ಬಸ್ಸುಗಳ ಹಣದ ಪೆಟ್ಟಿಗೆಗಳು ಸಂಜೆ ಬಂದು ಬೀಳುತ್ತಿದ್ದವು, ಬೆಳಿಗ್ಗೆ ಇವರು ವಿಂಗಡಿಸಬೇಕಿತ್ತು. ಟಿಕೆಟ್ಟಿನ ಹಣದ ಬದಲು ಯಾರ್ಯಾರೋ ಪರದೇಶದ ನಾಣ್ಯ ಹಾಕಿ ಸದ್ದಿಲ್ಲದೆ ಇಳಿದುಹೋಗಿರುತ್ತಿದ್ದರು. ಅವನ್ನು ಒಂದು ಬಕೆಟ್ಟಿಗೆ ಎಸೆಯಬೇಕೆಂದು ಮೇಲಿನವರ ಆಜ್ಞೆ. ಉಳಿದವರು ಎಸೆದರು, ಇವರು ಎಸೆಯುವ ಮೊದಲು ಓದಿದರು. ಓದಲು ಬಾರದ ಲಿಪಿಯಿದ್ದರೆ ಕಾಗದದ ಮೇಲೆ ಬಿಡಿಸಿಕೊಂಡು ಗ್ರಂಥಾಲಯಕ್ಕೆ ಹೋಗಿ ಹುಡುಕಿದರು. ಊಟದ ಬಿಡುವಿನಲ್ಲಿ ಬಕೆಟ್ಟಿನ ಮುಂದೆ ಕೂತಿರುತ್ತಿದ್ದ ಇವರನ್ನು ನೋಡಿ ಡ್ರೈವರುಗಳು ನಗುತ್ತಿದ್ದರು. ನಕ್ಕವರಲ್ಲಿ ಒಬ್ಬರನ್ನು ಇವರು ಮದುವೆಯಾದರು.

ಆಮೇಲೆ ಎಣಿಸುವ ಯಂತ್ರ ಬಂತು. ನಗದು ಕೋಣೆಯ ಹನ್ನೊಂದು ಜನರಲ್ಲಿ ಒಂಬತ್ತು ಜನರನ್ನು ಕೈಮುಗಿದು ಮನೆಗೆ ಕಳಿಸಿದರು. ಅವರಲ್ಲಿ ಇವರೂ ಒಬ್ಬರು. ನಲವತ್ತೆರಡರ ವಯಸ್ಸಿಗೆ ಇನ್ಯಾರು ಕೆಲಸ ಕೊಡುತ್ತಾರೆ? ಗಡಿಯಾರ ರಿಪೇರಿಯವರು ಖಾಲಿ ಬಿದ್ದಿದ್ದ ಮೇಲಿನ ಕೋಣೆ ಕೊಟ್ಟರು, ಇವರು ಮೇಜು ಹಾಕಿಕೊಂಡು ಕೂತರು. ಹತ್ತೊಂಬತ್ತು ವರ್ಷವಾಯಿತು. ಈಗ ದಿನಕ್ಕೆ ಸರಾಸರಿ ಮೂರು ಡಬ್ಬ. ಗೊತ್ತಿರುವ ನಾಣ್ಯಕ್ಕೆ ಏಳು ಸೆಕೆಂಡು, ಅನುಮಾನ ಬಂದದ್ದಕ್ಕೆ ಅರ್ಧ ಗಂಟೆಯೂ ಆಗಬಹುದು. ಸೂಕ್ಷ್ಮ ನೋಟವೆಲ್ಲ ಬೆಳಿಗ್ಗೆ ಆರರಿಂದ ಎಂಟರೊಳಗೆ ಮುಗಿಯಬೇಕು. ಓರೆಯಾಗಿ ಬೀಳುವ ಎಳೆಬಿಸಿಲಿನಲ್ಲಿ ಉಜ್ಜಿದ ಗೀರು ಕಂಡ ಹಾಗೆ ಯಾವ ದೀಪದಲ್ಲೂ ಕಾಣುವುದಿಲ್ಲವಂತೆ.

ಹೇಳಿಕೊಳ್ಳುವ ಕಷ್ಟ ಕಣ್ಣಿನದಲ್ಲ, ಬೆನ್ನಿನದೂ ಅಲ್ಲ. ಜನರದು. ನೂರು ಡಬ್ಬ ಬಂದರೆ ತೊಂಬತ್ತೆರಡರಲ್ಲಿ ಏನೂ ಇರುವುದಿಲ್ಲ. ಒಳಗಿನ ನಾಣ್ಯಗಳಿಗಿಂತ ಹಿಂದೆ ಅದರಲ್ಲಿದ್ದ ಬಿಸ್ಕತ್ತಿಗೇ ಹೆಚ್ಚು ಬೆಲೆ. ಇದನ್ನು ಎದುರಿಗೆ ಕೂತವರಿಗೆ ಹೇಳಬೇಕು. ಅವರು ಆಗಲೇ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ, ಇಂಥದೇ ಒಂದು ನಾಣ್ಯಕ್ಕೆ ಯಾರೋ ಮನೆ ಕಟ್ಟಿದರು ಎಂದು ಕೇಳಿ, ಸೋಫಾದ ಬಣ್ಣದವರೆಗೂ ಯೋಚಿಸಿ ಬಂದಿರುತ್ತಾರೆ. ಇಲ್ಲ ಎಂದರೆ ಇವರ ಕಣ್ಣು ಸರಿಯಿಲ್ಲ ಎನ್ನುತ್ತಾರೆ. ಒಬ್ಬರಂತೂ ಒಳ್ಳೆಯ ನಾಣ್ಯವನ್ನು ಸೆರಗಿನಲ್ಲಿ ಅಡಗಿಸಿಕೊಂಡಿದ್ದೀರಿ ಎಂದು ಮುಖಕ್ಕೆ ಹೊಡೆದ ಹಾಗೆ ಅಂದುಬಿಟ್ಟರು. ಅಂದಿನಿಂದ ಡಬ್ಬದವರನ್ನು ಎದುರಿಗೇ ಕೂರಿಸಿಕೊಂಡು ಎಣಿಸುತ್ತಾರೆ, ಮುಚ್ಚಳಕ್ಕೆ ಟೇಪು ಸುತ್ತಿ ಅದರ ಮೇಲೆ ಇಬ್ಬರದೂ ಸಹಿ ಹಾಕಿಸುತ್ತಾರೆ.

“ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ, ಅದಕ್ಕೇ ಬೈಸ್ಕೋತೀನಿ. ವಿಡಿಯೋ ಮಾಡಿದವನು ಅಷ್ಟು ಕೊಡ್ತೀನಿ ಅಂದ್ರೆ ಅವನಿಗೇ ಮಾರಿ ಅಂತೀನಿ. ಆಗ ಸುಮ್ಮನಾಗ್ತಾರೆ.”

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ತೀರಿಕೊಂಡ ನಮ್ಮ ಸೋದರಮಾವನ ಡ್ರಾಯರಿನಲ್ಲಿ ಸಿಕ್ಕ ಒಂದು ಹಿಡಿ ನಾಣ್ಯವನ್ನು ನಾನೂ ಕರವಸ್ತ್ರದಲ್ಲಿ ಕಟ್ಟಿ ತಂದಿದ್ದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಮನೆಗೆ ವಾಪಸು ಹೋಗಲು ಬಸ್ಸಿನ ಟಿಕೆಟ್ಟಿಗೆ ಆಗುತ್ತದೆ, ಆದರೆ ಕಂಡಕ್ಟರು ತಗೊಳ್ಳುವುದಿಲ್ಲ ಎಂದು ತೀರ್ಪಾಯಿತು. ಮಾವ ಅವನ್ನು ಎಷ್ಟು ಜೋಪಾನ ಮಾಡಿದ್ದರೆಂದು ಹೇಳಲು ಬಾಯಿ ತೆರೆದೆ. ಎಲ್ಲರೂ ಅದನ್ನೇ ಹೇಳುತ್ತಾರೆ ಎಂಬುದು ನೆನಪಾಗಿ ಮುಚ್ಚಿದೆ.

ಇನ್ನು ತೊಳೆಯುವವರು. ಹಳೆಯ ನಾಣ್ಯದ ಮೇಲೆ ವರ್ಷಗಟ್ಟಲೆ ಕೂತು ಬಂದ ಮಂಕು ಬಣ್ಣವೇ ಅದರ ಚರ್ಮ. ಕೊಳ್ಳುವವರು ಹುಡುಕುವುದೂ ಅದನ್ನೇ. ನಿಂಬೆರಸ, ಹಲ್ಲುಪುಡಿ, ಹಳೆಯ ಬ್ರಷ್ಷು ಹಿಡಿದು ಕೂತರೆ ಒಂದು ಗಂಟೆಯಲ್ಲಿ ಆ ಚರ್ಮ ಸುಲಿದು ಹೋಗುತ್ತದೆ, ಬೆಲೆಯೂ ಅದರ ಜೊತೆ ಚರಂಡಿಗೆ ಹೋಗುತ್ತದೆ. ಇದು ಬಾಗಿಲಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿದೆ. ಆದರೆ ಬಾಗಿಲಿಗೆ ಬರುವ ಹೊತ್ತಿಗೆ ಎಲ್ಲರೂ ತೊಳೆದಾಗಿರುತ್ತದೆ, ಬೋರ್ಡು ಓದಿ ಏನು ಪ್ರಯೋಜನ? ಒಳ್ಳೆಯ ಬಟ್ಟೆ ಹಾಕಿ ಮಕ್ಕಳನ್ನು ನೆಂಟರ ಮನೆಗೆ ಕರೆದೊಯ್ಯುವ ಹಾಗೆ ಫಳಫಳ ಹೊಳೆಯುವ ನಾಣ್ಯಗಳನ್ನು ಹೆಮ್ಮೆಯಿಂದ ಮೇಜಿನ ಮೇಲೆ ಸುರಿಯುತ್ತಾರೆ. ಹೊಟ್ಟೆ ಉರಿಯುತ್ತದೆ ಎನ್ನುತ್ತಾರೆ ಮೇಡಂ. ಅವರ ಬೈಗುಳವನ್ನು ನಾನು ಎರಡು ಸಲ ಕೇಳಿದ್ದೇನೆ. ಒಂದೇ ಒಂದು ನಾಣ್ಯ ಉಜ್ಜಿದ್ದಕ್ಕೆ ಐವತ್ತು ವರ್ಷದ ಗಂಡಸೊಬ್ಬರು ತಲೆ ತಗ್ಗಿಸಿ ನಿಂತಿದ್ದರು.

ಇದೆಲ್ಲಕ್ಕಿಂತ ಹೆಚ್ಚು ಅವರ ತಲೆ ತಿಂದದ್ದು ಈ ವರ್ಷ ಬಂದ ಮೂರು ಡಬ್ಬಗಳು.

ಮೊದಲು ಬಂದದ್ದು ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆಯಾಗಿರುವ ಹೆಂಗಸು. ತಂದೆ ಹಡಗಿನಲ್ಲಿ ಅಡುಗೆಯವರಾಗಿದ್ದರು, ಈಗಿಲ್ಲ. ತಾಯಿಗೆ ಎರಡೂ ಕಿವಿ ಕೇಳಿಸುವುದಿಲ್ಲ, ಎರಡಕ್ಕೂ ಮಷೀನು ಬೇಕು, ಅದರ ಬೆಲೆ ಕೇಳಿದರೆ ನಮ್ಮ ಕಿವಿಯೇ ಮುಚ್ಚಿಹೋಗುತ್ತದೆ. ಈ ವರ್ಷ ಹಾಕದಿದ್ದರೆ ಆಮೇಲೆ ಹಾಕಿದರೂ ಮಾತು ತಿಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಡಬ್ಬದಲ್ಲಿ ಏನಾದರೂ ಇದ್ದೀತೇ ಎಂಬ ಆಸೆ. ಸುಮಾರು ಮುನ್ನೂರು ನಾಣ್ಯಗಳಲ್ಲಿ ಹನ್ನೊಂದು ಮಾತ್ರ ಮೇಡಂ ಕಣ್ಣಿಗೆ ಬಿದ್ದವು. ಮುಂದೆ ದೊಡ್ಡ ನೆರೆಯ ದೇಶದ ಹಣವನ್ನೇ ಒಪ್ಪಿಕೊಂಡು ಸ್ವಂತ ನಾಣ್ಯ ನಿಲ್ಲಿಸಿಬಿಟ್ಟ ಒಂದು ಪುಟ್ಟ ದ್ವೀಪದವು. ಒಂದು ಕಡೆ ಮೀನು, ಇನ್ನೊಂದು ಕಡೆ ವರ್ಷ. ವರ್ಷಗಳು ಮಾತ್ರ ಎರಡೆರಡು ಬಿಟ್ಟು ಹಾರುತ್ತಿದ್ದವು. ಬಿಡಿಯಾಗಿ ಅವಕ್ಕೆ ಎರಡು ಊಟದ ಬೆಲೆಯೂ ಬರುವುದಿಲ್ಲ. ಇದರ ಜೊತೆಯವು ಬೇರೆ ಎಲ್ಲಾದರೂ ಇವೆಯೇ ಎಂದು ಮೇಡಂ ಕೇಳಿದರು. ಇಲ್ಲ, ಇಷ್ಟೇ ಎಂದರು ಆ ಹೆಂಗಸು.

ಹನ್ನೆರಡು ದಿನ ಬಿಟ್ಟು ಲಿಫ್ಟ್ ರಿಪೇರಿ ಮಾಡುವವರೊಬ್ಬರು ಬಂದರು. ಅದೇ ಹಡಗು, ಅದೇ ಅಮ್ಮನ ಕಿವಿ, ಹತ್ತು ಮೀನು. ಹತ್ತೂ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಮೇಡಂ ಬಾಯಿಗೆ ಬಂದಂತೆ ಬೈದರು. ಕೊಳೆಯಾಗಿತ್ತು ಮೇಡಂ ಎಂದಷ್ಟೇ ಹೇಳಿ ಅವರು ಬೈಸಿಕೊಂಡರು. ಜೊತೆಯವು ಇವೆಯೇ ಎಂದರೆ ಅವರೂ ಇಷ್ಟೇ ಎಂದರು. ಮರುವಾರ ಬಂದ ಟೈಲರ್ ಹೆಂಗಸಿನ ಬಳಿಯೂ ಹತ್ತು ಮೀನು, ಅದೇ ಕಥೆ, ಅದೇ ‘ಇಷ್ಟೇ’. ನೋಟ್‌ಬುಕ್ಕಿನಲ್ಲಿ ಮೂರೂ ಪುಟ ಪಕ್ಕಪಕ್ಕ ಇಟ್ಟು ನೋಡಿದರೆ ಮೂವತ್ತೊಂದು ವರ್ಷ, ನಡುವೆ ಒಂದೂ ತಪ್ಪಿಲ್ಲ. ಹಡಗು ವರ್ಷಕ್ಕೊಮ್ಮೆ ಆ ದ್ವೀಪದಲ್ಲಿ ನಿಂತಾಗಲೆಲ್ಲ ಅಡುಗೆಯವರು ಆ ವರ್ಷದ ಒಂದು ಮೀನನ್ನು ಜೇಬಿಗೆ ಹಾಕಿಕೊಂಡಿದ್ದರು. ದ್ವೀಪ ನಾಣ್ಯ ಶುರು ಮಾಡಿದ ವರ್ಷದಿಂದ ನಿಲ್ಲಿಸಿದ ವರ್ಷದವರೆಗೆ. ಅಂಥ ಇಡೀ ಸಾಲನ್ನು ಮೇಡಂ ಪುಸ್ತಕದಲ್ಲಿ ಬಿಟ್ಟರೆ ಎಲ್ಲೂ ಕಂಡವರಲ್ಲ.

ಮಕ್ಕಳು ಏನು ಮಾಡಿದ್ದರು ಗೊತ್ತೇ? ಜಗಳವಾಗಬಾರದೆಂದು ಮೂರು ಸಂಜೆ ಕೂತು, ಇಸ್ಪೀಟು ಎಲೆ ಹಂಚಿದ ಹಾಗೆ, ನಿನಗೊಂದು ನನಗೊಂದು ಅವಳಿಗೊಂದು ಎಂದು ಇಡೀ ಡಬ್ಬವನ್ನು ಹಂಚಿಕೊಂಡಿದ್ದರು. ಮೀನುಗಳನ್ನು ಅಪ್ಪ ವರ್ಷದ ಕ್ರಮದಲ್ಲಿ ಕಾಗದದಲ್ಲಿ ಸುತ್ತಿಟ್ಟಿದ್ದರು. ಆ ಕಾಗದ ಬಿಚ್ಚಿ ಎಸೆದು ಅವನ್ನೂ ಸಾಲಾಗಿ ಹಂಚಿದರು. ಅಷ್ಟು ನ್ಯಾಯವಾಗಿ ಹಂಚಿಕೊಂಡ ಮೇಲೂ ಬೇರೆಯವರಿಗೆ ಒಳ್ಳೆಯವು ಹೋದವೆಂಬ ಅನುಮಾನ ಮೂವರಿಗೂ. ಮಾತು ನಿಂತು ನಾಲ್ಕು ತಿಂಗಳಾಗಿತ್ತು. ಅಮ್ಮನಿಗೆ ಮಷೀನು ತಂದುಕೊಟ್ಟು ಉಳಿದಿಬ್ಬರ ಮುಖಕ್ಕೆ ಮಂಗಳಾರತಿ ಎತ್ತಬೇಕೆಂದು ಮೂವರೂ ಕದ್ದುಮುಚ್ಚಿ ಒಬ್ಬೊಬ್ಬರೇ ಮೇಡಂ ಹತ್ತಿರ ಬಂದಿದ್ದರು.

ಈಗ ಮೇಡಂ ಪೇಚು ನೋಡಿ. ಒಬ್ಬರ ಡಬ್ಬದ ವಿಷಯ ಇನ್ನೊಬ್ಬರಿಗೆ ಹೇಳಬಾರದೆಂಬುದು ಹತ್ತೊಂಬತ್ತು ವರ್ಷದ ನಿಯಮ. ಹೇಳದಿದ್ದರೆ ಮೂವತ್ತೊಂದು ಮೀನು ಮೂರು ಮನೆಯಲ್ಲಿ ಕೊಳೆಯುತ್ತವೆ, ಆ ಅಮ್ಮ ಕಿವುಡಿಯಾಗಿಯೇ ಉಳಿಯುತ್ತಾರೆ. ಒಂದು ವಾರ ಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡರಂತೆ. ದಾರಿ ತೋರಿಸಿದವರು ನಿವೃತ್ತ ಬಸ್ ಡ್ರೈವರ್ ಗಂಡ. ಯಾರಿಗೂ ಏನೂ ಹೇಳಬೇಡ, ಮೂವರಿಗೂ ಒಂದೇ ಹೊತ್ತು ಕೊಡು, ಆಮೇಲೆ ನಿನ್ನ ಮೆಟ್ಟಿಲಿನ ಮೇಲೆ ಏನಾಗುತ್ತದೋ ಆಗಲಿ ಎಂದರು. ಶನಿವಾರ ಬೆಳಿಗ್ಗೆ ಏಳಕ್ಕೆ ಬನ್ನಿ, ಡಬ್ಬವನ್ನೂ ತನ್ನಿ ಎಂದು ಮೂರೂ ಕಡೆ ಫೋನು ಹೋಯಿತು.

ಆ ಶನಿವಾರ ಮೂಲೆಯ ಸ್ಟೂಲಿನಲ್ಲಿ ನಾನೂ ಇದ್ದೇನೆ. ಏಳಕ್ಕೆ ಐದು ನಿಮಿಷವಿರುವಾಗ ಹಿರಿಯ ಮಗಳು ಗುಮಾಸ್ತೆ, ಅವರ ಬೆನ್ನಿಗೇ ಕಿರಿಯ ಮಗಳು ಟೈಲರ್. ಒಬ್ಬರನ್ನೊಬ್ಬರು ಕಂಡು ಇಬ್ಬರೂ ಡಬ್ಬವನ್ನು ಸೆರಗಿನಡಿಗೆ ಎಳೆದುಕೊಳ್ಳುತ್ತಾರೆ. ಕೊನೆಗೆ ಮಗ, ತಾಯಿಯ ಕೈ ಹಿಡಿದುಕೊಂಡು. ಹತ್ತಕ್ಕೆ ಕಿವಿ ಡಾಕ್ಟರ ಬಳಿ ಹೋಗಬೇಕಿತ್ತು, ಅದಕ್ಕೆ ಕರೆತಂದಿದ್ದಾರೆ. ಯಾರು ಯಾರ ಹಿಂದೆ ಬಂದರೆಂದು ಮೂವರೂ ದನಿ ಏರಿಸುವಷ್ಟರಲ್ಲಿ ಮೇಡಂ ಮೇಜು ಬಡಿಯುತ್ತಾರೆ.

“ಜಗಳ ಆಮೇಲೆ ಆಡಿ. ಮೀನುಗಳನ್ನ ಮಾತ್ರ ಎತ್ತಿ ಇಲ್ಲಿಡಿ. ಅಂಚು ಹಿಡೀರಿ, ಅಂಚು!”

ಕಂಬಳಿಯ ಮೇಲೆ ಸಾಲು ಬೆಳೆಯುತ್ತದೆ. ಅಕ್ಕನದೊಂದು, ತಮ್ಮನದೊಂದು, ತಂಗಿಯದೊಂದು, ಮತ್ತೆ ಅಕ್ಕನದು. ಅರ್ಧ ಸಾಲು ಆಗುವ ಹೊತ್ತಿಗೆ ಮೂವರಿಗೂ ಅರ್ಥವಾಗಿ, ಮೇಡಂ ಹೇಳದೆಯೇ ಮುಂದಿನ ವರ್ಷದ್ದನ್ನು ಹುಡುಕಿ ಇಡುತ್ತಾರೆ. ಮೂವತ್ತೊಂದನೆಯದು ಕೂತ ಮೇಲೆ ಮೇಡಂ ಲೆಕ್ಕ ಹೇಳುತ್ತಾರೆ. ಈ ಸಾಲು ಹೀಗೇ ಇದ್ದಿದ್ದರೆ ಎರಡು ಕಿವಿಗೂ ಮಷೀನು ಬಂದು ಮೇಲೆ ಸ್ವಲ್ಪ ಉಳಿಯುತ್ತಿತ್ತು. ಆದರೆ ಹತ್ತು ನಾಣ್ಯ ತೊಳೆದಿದೆ. ಅಚ್ಚು ಒಡೆದು ಕೆಲವೇ ನಾಣ್ಯ ಹೊರಬಂದ ಒಂದು ವರ್ಷವಿದೆ, ಸಾಲಿಗೆಲ್ಲ ಅದೇ ಜೀವ. ತೊಳೆದದ್ದರಲ್ಲಿ ಅದೂ ಒಂದು.

“ಈಗ ಒಂದು ಕಿವಿಗೆ ಆಗುತ್ತೆ. ಎರಡಕ್ಕೆ ಆಗಲ್ಲ,” ಎನ್ನುತ್ತಾರೆ ಮೇಡಂ.

ಹೊಳೆಯುವವು ಯಾರ ಪಾಲಿನವೆಂದು ಕೇಳಬೇಕಾದ ಅಗತ್ಯವೇ ಇಲ್ಲ. ಅಕ್ಕ ತಮ್ಮನ ಕಡೆ ತಿರುಗುತ್ತಾರೆ. ನೀನೇನಾ ಉಜ್ಜಿದ್ದು ಎಂದರೆ, ಹೂಂ, ನಾನೇ ಎಂದು ಅವರು ನೆಲ ನೋಡುತ್ತಾರೆ. ಆಮೇಲಿನ ಕಾಲು ಗಂಟೆ ಬರೆಯುವಂಥದ್ದಲ್ಲ. ಅಮ್ಮನ ಕಿವಿಯನ್ನು ಕೈಯಾರೆ ಕಳೆದವನು ಎಂದರು ತಂಗಿ. ಚಿಕ್ಕವನಿದ್ದಾಗಿನಿಂದ ಇವನು ಮುಟ್ಟಿದ್ದೆಲ್ಲ ಹೀಗೇ ಎಂದರು ಅಕ್ಕ. ನಡುವೆ ಕುರ್ಚಿಯಲ್ಲಿ ಕೂತ ತಾಯಿ ಒಬ್ಬೊಬ್ಬರ ತುಟಿಯನ್ನೂ ನೋಡುತ್ತ, ಮಕ್ಕಳು ವ್ಯಾಪಾರ ಕುದುರಿಸುತ್ತಿದ್ದಾರೆಂದುಕೊಂಡು ನಗುತ್ತಿದ್ದರು. ಕೊನೆಗೆ ಒಂದೇ ಕಾಗದಕ್ಕೆ ಮೂವರೂ ಸಹಿ ಹಾಕಿದರು. ಮೇಡಂ ಹರಾಜಿನವರ ವಿಳಾಸ ಬರೆದುಕೊಟ್ಟು, ಮೂರು ಡಬ್ಬಕ್ಕೂ ತಮ್ಮ ಕೂಲಿ ತೆಗೆದುಕೊಂಡರು. ಅದರಲ್ಲಿ ರಿಯಾಯಿತಿ ಇಲ್ಲ.

ಐದು ವಾರದ ಮೇಲೆ ಬರಹದ ಒಂದೆರಡು ಅಂಕಿ ಸರಿಪಡಿಸಿಕೊಳ್ಳಲು ನಾನು ಮತ್ತೆ ಹೋಗಿದ್ದೇನೆ. ಮೆಟ್ಟಿಲ ಮೇಲೆ ಉಸಿರು ಬಿಡುತ್ತ ಆ ತಾಯಿ ಬರುತ್ತಾರೆ. ಮಗ ಕೆಳಗೆ ಔಷಧದಂಗಡಿಯಲ್ಲಿದ್ದಾರಂತೆ. ಎಡಗಿವಿಯ ಹಿಂದೆ ಬೂದು ಬಣ್ಣದ ಮಷೀನು. ಕುರ್ಚಿಯನ್ನು ಎಳೆದು, ಎಡಗಿವಿ ಮೇಡಂ ಕಡೆಗೆ ಬರುವ ಹಾಗೆ ಕೂತುಕೊಳ್ಳುತ್ತಾರೆ. ಹೇಗಿದೆ ಎಂದು ಮೇಡಂ ಕೇಳುತ್ತಾರೆ.

“ಮಕ್ಕಳು ಜಗಳ ಆಡ್ತಾರೆ ಅಂತ ಗೊತ್ತಿತ್ತು ಕಣಮ್ಮ. ಇಷ್ಟು ಜೋರಾಗಿ ಅಂತ ಗೊತ್ತಿರಲಿಲ್ಲ.”

ನಾವಿಬ್ಬರೂ ನಗುತ್ತೇವೆ, ಅವರೂ ನಗುತ್ತಾರೆ. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಮೇಜಿನ ಮೇಲೆ ಬಾಗಿ, ಬಂದ ಕೆಲಸವನ್ನು ಹೇಳುತ್ತಾರೆ.

“ನನ್ನ ಮಗನ್ನ ಕೇಳಿದ್ರೆ ಏನೂ ಹೇಳಲ್ಲ, ಮಾತು ಹಾರಿಸ್ತಾನೆ. ನೀವಾದ್ರೂ ಹೇಳಿ. ಅವನ ಪಾಲಿನವು ಕರ್ರಗಾಗಿದ್ವು. ಅವನು ಕೆಲಸಕ್ಕೆ ಹೋದ ಮೇಲೆ ಎರಡು ದಿನ ಕೂತು ಎಲ್ಲಾನೂ ನಾನೇ ಉಜ್ಜಿದೆ. ಬೆರಳೆಲ್ಲ ಸಿಪ್ಪೆ ಎದ್ದಿತ್ತು. ಆ ಹೊಳಪು ನೋಡಿ ಸ್ವಲ್ಪ ಜಾಸ್ತಿ ಕೊಟ್ಟಿರಬೇಕು, ಅಲ್ವಾ?”

ನಾನು ಮೇಡಂ ಕಡೆ ನೋಡುತ್ತೇನೆ. ಒಂದು ನಾಣ್ಯಕ್ಕೆ ಐವತ್ತರ ಗಂಡಸನ್ನು ನಿಲ್ಲಿಸಿ ಬೈದವರು ಇವರು. ಮೇಡಂ ಕೈಯಲ್ಲಿದ್ದ ಮಸೂರವನ್ನು ಕೆಳಗಿಟ್ಟು, ಸೆರಗಿನಿಂದ ಅದರ ಗಾಜನ್ನು ಒರೆಸಿ, ಮತ್ತೆ ಒರೆಸುತ್ತಾರೆ. ಆಮೇಲೆ ಮಷೀನಿಗೆ ಕೇಳಿಸುವಷ್ಟು ನಿಧಾನವಾಗಿ, ಬಿಡಿಸಿ ಹೇಳುತ್ತಾರೆ.

“ಕೊಟ್ರು, ಅಮ್ಮ. ಅದರಿಂದಲೇ ಮಷೀನು ಬಂತು.”

ತಾಯಿಯ ಮುಖ ಅರಳುತ್ತದೆ. ಹಾಗಾದರೆ ಹೆಣ್ಣುಮಕ್ಕಳ ಡಬ್ಬದಲ್ಲಿ ಉಳಿದವನ್ನೂ ತರಿಸಿಕೊಂಡು ಉಜ್ಜಿಬಿಡುತ್ತೇನೆ, ಇನ್ನೊಂದು ಕಿವಿಗೂ ಆದೀತು ಎನ್ನುತ್ತಾರೆ. ಮೇಡಂ ಕುರ್ಚಿಯಿಂದ ಅರ್ಧ ಎದ್ದೇಬಿಡುತ್ತಾರೆ. ಬೇಡ ಅಮ್ಮ, ಉಳಿದದ್ದರಲ್ಲಿ ಏನೂ ಇಲ್ಲ, ನಿಮ್ಮ ಬೆರಳು ನೋಯಿಸಿಕೊಳ್ಳಬೇಡಿ ಎಂದು ಮೂರು ಮೂರು ಸಲ ಹೇಳಿ, ಹೂಂ ಅನ್ನಿಸಿಕೊಂಡು, ಮೆಟ್ಟಿಲಿನವರೆಗೂ ಕೈ ಹಿಡಿದು ಬಿಟ್ಟು ಬರುತ್ತಾರೆ.

ಇದನ್ನು ಬರೆಯಬಹುದೇ ಎಂದು ಆಮೇಲೆ ಮಗನನ್ನು ಕೇಳಿದೆ. ಅಮ್ಮ ಪೇಪರಿನಲ್ಲಿ ತೀರಿಕೊಂಡವರ ಫೋಟೋ ಬಿಟ್ಟು ಬೇರೇನೂ ನೋಡುವುದಿಲ್ಲ, ಧಾರಾಳವಾಗಿ ಬರೆಯಿರಿ ಎಂದರು. ಆಮೇಲೆ, ಅಕ್ಕನೂ ತಂಗಿಯೂ ಓದುತ್ತಾರೆ, ಓದಲಿ ಎಂದರು.

ಆ ಬೆಳಿಗ್ಗೆ ಮೆಟ್ಟಿಲಿನಿಂದ ವಾಪಸು ಬಂದ ಮೇಡಂ ನನ್ನ ಮುಖ ನೋಡದೆ ಮುಂದಿನ ಡಬ್ಬದ ಟೇಪು ಕೀಳತೊಡಗುತ್ತಾರೆ. ನಾನು ಪೆನ್ನು ಮುಚ್ಚಿ ಚೀಲಕ್ಕೆ ಹಾಕಿಕೊಳ್ಳುವುದನ್ನು ಓರೆಗಣ್ಣಿನಲ್ಲಿ ಕಂಡು ಗದರುತ್ತಾರೆ.

“ಪೆನ್ನು ಯಾಕೆ ಮುಚ್ಚಿದ್ರಿ? ಹತ್ತೊಂಬತ್ತು ವರ್ಷದಲ್ಲಿ ಬೆಲೆ ವಿಷಯಕ್ಕೆ ನಾನು ಹೇಳಿರೋದು ಇದೊಂದೇ ಸುಳ್ಳು. ಅದನ್ನೂ ಬರ್ಕೊಳ್ಳಿ.”